ಮೋಟಾರ್ ಶುರುವಾದ ಆ ನಾಲ್ಕು ಸೆಕೆಂಡ್: ರೈಸ್ ಮಿಲ್‌ನಲ್ಲಿ ಲಾಗ್ ಹಿಡಿದ ನನ್ನ ಅನುಭವ

ಮಿಲ್‌ನ ಕಂಪ್ಯೂಟರ್ ತಾನಾಗೇ ರೀಸ್ಟಾರ್ಟ್ ಆಗುತ್ತಿತ್ತು. "ಲಾಗ್ ನೋಡಿ ಏನ್ ಮಾಡ್ತೀರಿ, ಮೊದಲು ಪೆಟ್ಟಿಗಿ ಬದಲಸ್ರಿ" ಅಂತ ಎಲ್ಲರೂ ಹೇಳಿದ್ದರು. ಮಿಲ್‌ನ ಗುಮಾಸ್ತರು ಹೇಳಿದರು, ವೈರ್‌ಮನ್ ಹೇಳಿದ, ರಾಯಚೂರಿನಲ್ಲಿ ಇದೇ ಕೆಲಸ ಮಾಡುವ ನನ್ನ ಗೆಳೆಯನೂ ಹೇಳಿದ. ನಾನು ಪೆಟ್ಟಿಗೆ ಬದಲಿಸಲಿಲ್ಲ. ಲಾಗ್ ಹಿಡಿದೆ, ಅಂದರೆ ಕಂಪ್ಯೂಟರ್ ತನ್ನೊಳಗೆ ನಡೆದದ್ದನ್ನು ಸಾಲುಸಾಲಾಗಿ ಬರೆದಿಡುವ ದಾಖಲೆ. ಕಳ್ಳ ಸಿಕ್ಕ. ಅದಕ್ಕೇ ಬರೆಯುತ್ತಿದ್ದೇನೆ.

ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ರೈಸ್ ಮಿಲ್‌ಗಳ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು. ಈ ಮಿಲ್ ಗಂಗಾವತಿ ಹತ್ತಿರದ್ದು. ಕಾಟಾ ರೂಮಿನಲ್ಲಿ ಒಂದು ಸೆಕೆಂಡ್‌ಹ್ಯಾಂಡ್ ಮಿನಿ ಪಿಸಿ, ಅದರಲ್ಲಿ ಡೆಬಿಯನ್ ಅನ್ನುವ ಲಿನಕ್ಸ್. ಲಾರಿ ತೂಗುವ ವೇಬ್ರಿಡ್ಜ್‌ನ ಇಂಡಿಕೇಟರ್‌ನಿಂದ (ತೂಕ ತೋರಿಸುವ ಡಬ್ಬಿ) ಯುಎಸ್‌ಬಿ ಸೀರಿಯಲ್ ಕೇಬಲ್ ಬರುತ್ತದೆ. ತೂಕ ಓದಿ ಚೀಟಿ ಕೊಡುವ ಪ್ರೋಗ್ರಾಂ ನಾನೇ ಬರೆದದ್ದು. ಸುಗ್ಗಿ ಬಂತೆಂದರೆ ರಾತ್ರಿಯೆಲ್ಲ ಭತ್ತದ ಲಾರಿ. ಅಂಥ ಹೊತ್ತಿನಲ್ಲೇ ಪಿಸಿ ತಾನಾಗೇ ರೀಸ್ಟಾರ್ಟ್ ಆಗುತ್ತಿತ್ತು. ವಾರಕ್ಕೆ ನಾಲ್ಕೈದು ಸಲ. ಡ್ರೈವರ್‌ಗಳು ಹಾರ್ನ್ ಹೊಡೆಯೋದು, ಹಮಾಲರು ಬೀಡಿ ಹಚ್ಚಿ ಕೂರೋದು, ಸಾವ್ಕಾರ್ರು ನನಗೆ ಫೋನ್ ಮಾಡೋದು.

ಅದು 2024. ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಂನ 19ನೇ ಕ್ರಸ್ಟ್ ಗೇಟ್ ಕೊಚ್ಚಿ ಹೋಗಿ ಎಡದಂಡೆ ಕಾಲುವೆ ನಂಬಿದವರೆಲ್ಲ ಕಂಗಾಲಾಗಿದ್ದ ವರ್ಷ. ಸಾವ್ಕಾರ್ರ ಕೈ ಆಮೇಲೂ ಬಿಗಿಯಾಗೇ ಇತ್ತು. "ತಮ್ಮಾ, ಹೊಸಾ ಖರ್ಚು ಅಂತ ಬಾಯಿ ಬಿಡಬ್ಯಾಡ" ಅಂದುಬಿಟ್ಟಿದ್ದರು.

ಮೊದಲ ದಿನ ಹೋಗಿ ಹಿಂದಿನ ಬೂಟ್‌ನ ಜರ್ನಲ್ (ಡೆಬಿಯನ್ ತಾನೇ ಇಡುವ ಲಾಗ್) ತೆಗೆದೆ. ಏನೂ ಇಲ್ಲ. ಹಳೆಯ ಇನ್‌ಸ್ಟಾಲ್. ಜರ್ನಲ್‌ನ ಸ್ಟೋರೇಜ್ ಸೆಟ್ಟಿಂಗ್ ಆಟೋದಲ್ಲಿತ್ತು, ಡಿಸ್ಕ್‌ನ /var/log ಒಳಗೆ ಜರ್ನಲ್ ಫೋಲ್ಡರೇ ಇರಲಿಲ್ಲ. ಹಾಗಾಗಿ ಎಲ್ಲ ರ‍್ಯಾಮ್‌ನಲ್ಲೇ ಹುಟ್ಟಿ ಅಲ್ಲೇ ಸಾಯುತ್ತಿತ್ತು. ಇದು ಈ ಕೆಲಸ ಮಾಡುವವರಿಗೆಲ್ಲ ಗೊತ್ತಿರುವ ವಿಷಯ, ನಾಚಿಕೆಯಾಯಿತು. ಪರ್ಸಿಸ್ಟೆಂಟ್ ಮಾಡಿದೆ, ಅಂದರೆ ಡಿಸ್ಕ್‌ನಲ್ಲೇ ಉಳಿಯುವಂತೆ. ಸುಮ್ನೆ ಬಿಟ್ಟರೆ ಡಿಸ್ಕ್‌ನ ಶೇಕಡಾ 10ರವರೆಗೆ, ಹೆಚ್ಚೆಂದರೆ 4 ಜಿಬಿ ತಿನ್ನುತ್ತದೆ. ನಾನು 300 ಎಂಬಿಗೆ ಕಟ್ಟಿಹಾಕಿದೆ.

ಮುಂದಿನ ರೀಸ್ಟಾರ್ಟ್‌ಗೆ ಕಾದೆ. ಎರಡನೇ ರಾತ್ರಿಯೇ ಆಯಿತು. ಖುಷಿಯಿಂದ ತೆಗೆದರೆ ಲಾಗ್ ಇದೆ, ಕೊನೆಯ ಮೂರು ನಾಲ್ಕು ನಿಮಿಷ ಮಾತ್ರ ಇಲ್ಲ! ಫೈಲ್ ಹೆಸರಿನ ಕೊನೆಗೆ ಅಲೆಯಂಥ ಗುರುತು (~) ಬೇರೆ. ಅಂದರೆ ಸರಿಯಾಗಿ ಮುಚ್ಚದೇ ಸತ್ತ ಫೈಲ್. ಜರ್ನಲ್ ಬರೆಯುವ ಜರ್ನಲ್‌ಡಿ ಮಾಮೂಲಿ ಮೆಸೇಜ್‌ಗಳನ್ನು 5 ನಿಮಿಷಕ್ಕೊಮ್ಮೆ ಮಾತ್ರ ಡಿಸ್ಕ್‌ಗೆ ಗಟ್ಟಿ ಮಾಡುತ್ತದೆ. ಕ್ರಿಟಿಕಲ್ ಮತ್ತು ಅದಕ್ಕಿಂತ ಮೇಲಿನದಕ್ಕಷ್ಟೇ ಅವಸರ ಮಾಡುತ್ತದೆ. ನನಗೆ ಬೇಕಿದ್ದದ್ದು ಯುಎಸ್‌ಬಿ ಬಿಟ್ಟುಹೋದ ಸಾದಾ ಸಾಲು. ಆ 5 ನಿಮಿಷದ ಅಂತರವನ್ನು (ಸಿಂಕ್ ಇಂಟರ್ವಲ್) 10 ಸೆಕೆಂಡ್‌ಗೆ ಇಳಿಸಿದೆ. ಆಗಲೂ ಅರ್ಧಂಬರ್ಧ. ಆ ಹಳೇ ಹಾರ್ಡ್‌ಡಿಸ್ಕ್ ಏದುಸಿರು ಬಿಡಲು ಶುರುಮಾಡಿತು. 1,400 ರೂಪಾಯಿ ಆಸುಪಾಸು ಕೊಟ್ಟು 120 ಜಿಬಿ ಎಸ್‌ಎಸ್‌ಡಿ ಹಾಕಿದೆ. ನನ್ನ ಜೇಬಿನಿಂದ.

ಆಮೇಲೆ ಹೊಳೆದದ್ದು, ಸಾಯುವ ಪೆಟ್ಟಿಗೆಯ ಲಾಗ್ ಅದರಲ್ಲೇ ಯಾಕಿರಬೇಕು? ಆಫೀಸ್ ರೂಮಿನ ಮೂಲೆಯಲ್ಲಿ ತೌಡಿನ ಧೂಳು ಕುಡಿದು ಕೂತಿದ್ದ ಹಳೆಯ ಡೆಸ್ಕ್‌ಟಾಪ್ ಒಂದಿತ್ತು. ಗುಜರಿಗೆ ಹಾಕಿದರೆ 800 ಸಿಗುತ್ತಿತ್ತೇನೋ. ಊದಿ, ಒರೆಸಿ, ಅದನ್ನೇ ಲಾಗ್ ಸರ್ವರ್ ಮಾಡಿದೆ. ಎರಡೂ ಕಡೆ ಲಾಗ್ ಕಳಿಸುವ, ಪಡೆಯುವ ಆರ್‌ಸಿಸ್‌ಲಾಗ್ ಪ್ರೋಗ್ರಾಂ. (ಡೆಬಿಯನ್ 12ರಿಂದ ಅದು ತಾನಾಗೇ ಬರುವುದಿಲ್ಲ, ಹಾಕಿಕೊಳ್ಳಬೇಕು.)

ಮೊದಲು ಯುಡಿಪಿ, ಪೋರ್ಟ್ 514: ಕಳಿಸಿ ಮರೆತುಬಿಡುವ ದಾರಿ. ಹತ್ತು ನಿಮಿಷದ ಕೆಲಸ, ಚೆನ್ನಾಗೇ ಓಡಿತು. ಆದರೆ ವೋಲ್ಟೇಜ್ ಬಿದ್ದ ಕ್ಷಣ ನಡುವಿನ ನೆಟ್‌ವರ್ಕ್ ಸ್ವಿಚ್ಚೂ ಕಣ್ಣು ಮುಚ್ಚುತ್ತಿತ್ತು. ಯುಡಿಪಿಗೆ ಹೋಯಿತೋ ಬಿಟ್ಟಿತೋ ಗೊತ್ತೇ ಆಗುವುದಿಲ್ಲ ಅಲ್ವಾ, ಬೇಕಾದ ಸಾಲೇ ಗಾಳಿಗೆ ಹೋಯಿತು. ಕನೆಕ್ಷನ್ ಹಿಡಿದು ಕಳಿಸುವ ಟಿಸಿಪಿ ಹಾಕಿದೆ. ಕನೆಕ್ಷನ್ ಹರಿದಾಗ ದಾರಿಯಲ್ಲಿದ್ದ ಸಾಲುಗಳು ಅದರಲ್ಲೂ ಮಾಯ. ಕೊನೆಗೆ ರೆಲ್ಪ್‌ಗೆ ಬಂದೆ. ಆ ಕಡೆಯಿಂದ "ಸಿಕ್ಕಿತು" ಅಂತ ಉತ್ತರ ಬರುವ ತನಕ ಇದು ಸಾಲನ್ನು ಕೈಬಿಡುವುದಿಲ್ಲ.

ಇನ್ನು ಕ್ಯೂ, ಅಂದರೆ ಕಳಿಸಲಾಗದ ಸಾಲುಗಳು ಕಾದು ನಿಲ್ಲುವ ಸರದಿ. ನಾನು ಜಾಸ್ತಿ ಪೆಟ್ಟು ತಿಂದದ್ದು ಇಲ್ಲೇ. ಯಾರನ್ನು ಕೇಳಿದರೂ ಲಿಂಕ್ಡ್‌ಲಿಸ್ಟ್ (ಮೆಮೊರಿಯಲ್ಲಿರುವ ಕ್ಯೂ) ಹಾಕು, ಫೈಲ್‌ನೇಮ್ ಕೊಡು, ಸೇವ್ ಆನ್ ಶಟ್‌ಡೌನ್ ಆನ್ ಮಾಡು, ರಿಟ್ರೈ ಕೌಂಟ್ ಮೈನಸ್ 1 (ಬಿಡದೆ ಯತ್ನಿಸುತ್ತಲೇ ಇರು) ಇಡು ಅನ್ನುತ್ತಾರೆ. ಇಟ್ಟೆ. ಆದರೆ ಆ ಕ್ಯೂ ಮೆಮೊರಿ ತುಂಬುತ್ತ ಬಂದಾಗ ಇಲ್ಲವೇ ಶಿಸ್ತಾಗಿ ಶಟ್‌ಡೌನ್ ಆದಾಗ ಮಾತ್ರ ಡಿಸ್ಕ್‌ಗೆ ಇಳಿಯುತ್ತದೆ. ನಮ್ಮ ಕರೆಂಟು ಶಿಸ್ತಾಗಿ ಎಲ್ಲಿ ಹೋಗುತ್ತದೆ? ಮೂರು ವಾರ ದಂಡ.

ಕೊನೆಗೆ ಅಪ್ಪಟ ಡಿಸ್ಕ್ ಕ್ಯೂ ಹಾಕಿದೆ, ಅಂದರೆ ಪ್ರತಿ ಸಾಲೂ ನೇರ ಡಿಸ್ಕ್‌ಗೆ. "ನಿಧಾನ ಆಗ್ತದ, ಎಸ್‌ಎಸ್‌ಡಿ ಸುಟ್ಟು ಹೋಗ್ತದ" ಅಂತ ರಾಯಚೂರಿನ ಗೆಳೆಯ ನಕ್ಕ. ಬ್ಯಾಂಕಿನ ಸರ್ವರ್‌ಗಾದರೆ ಅವನ ಮಾತು ಸರಿ. ನಮ್ಮದು ಸೆಕೆಂಡಿಗೆ ಎರಡು ಮೂರು ಸಾಲು. ಬರೆದದ್ದನ್ನು ಕೂಡಲೇ ಗಟ್ಟಿ ಮಾಡುವ ಸಿಂಕ್ ಕ್ಯೂ ಫೈಲ್ಸ್ ಆನ್ ಮಾಡಿದೆ. ಎಷ್ಟು ಸಾಲಿಗೊಮ್ಮೆ ಕ್ಯೂನ ಲೆಕ್ಕ ಬರೆದಿಡಬೇಕು ಅನ್ನುವ ಚೆಕ್‌ಪಾಯಿಂಟ್ ಇಂಟರ್ವಲ್ ಮಾತ್ರ ಮರೆತೆ. ಒಂದು ರಾತ್ರಿ ಕರೆಂಟ್ ಹೋಗಿ ಬಂದ ಮೇಲೆ ಕ್ಯೂ ಫೈಲ್‌ಗಳು ಬಿದ್ದಿವೆ, ಅವುಗಳ ಲೆಕ್ಕ ಇಡುವ ಕ್ಯೂಐ ಫೈಲ್ ಇಲ್ಲ. ಅನಾಥ ಮಕ್ಕಳ ಹಾಗೆ. ರಿಕವರಿಗೆ ಒಂದು ಪರ್ಲ್ ಸ್ಕ್ರಿಪ್ಟ್ ಇದೆ, ಅದರಿಂದ ಒಂದಷ್ಟು ಎಳೆದುಕೊಂಡೆ. ಈಗ ಚೆಕ್‌ಪಾಯಿಂಟ್ ಇಟ್ಟಿದ್ದೇನೆ. ಎಷ್ಟಕ್ಕೆ ಅಂತ ಕೇಳಬೇಡಿ. ಆ ನಂಬರ್ ಮತ್ತು ಅದರ ಜೊತೆಯ ಎರಡು ಸಾಲಿನ ಫಿಲ್ಟರ್‌ಗೇ ಇನ್ನೆರಡು ಮಿಲ್‌ನವರು ನನಗೆ ದುಡ್ಡು ಕೊಡುತ್ತಿದ್ದಾರೆ.

ಸಾಲುಗಳೇನೋ ಬಂದವು, ಟೈಮ್ ಹೊಂದಲಿಲ್ಲ. ಮಿನಿ ಪಿಸಿಯ ಗಡಿಯಾರ ಓಡಿಸುವ ಸೀಮಾಸ್ ಬ್ಯಾಟರಿ ಸತ್ತಿತ್ತು. ಎದ್ದ ಕೂಡಲೇ ಹಿಂದಿನ ಯಾವುದೋ ತಾರೀಕು ತೋರಿಸಿ, ಇಂಟರ್‌ನೆಟ್ ಸಿಕ್ಕ ಮೇಲೆ ಇವತ್ತಿಗೆ ಜಿಗಿಯುತ್ತಿತ್ತು. 40 ರೂಪಾಯಿಯ ಬಿಲ್ಲೆಗಾಗಿ ಎರಡು ದಿನ ತಲೆ ಕೆಡಿಸಿಕೊಂಡೆ. ಅಂದಿನಿಂದ ಸರ್ವರ್‌ನಲ್ಲಿ ಪ್ರತಿ ಸಾಲಿಗೂ ಕಳಿಸಿದವನ ಟೈಮ್, ತಲುಪಿದ ಟೈಮ್ ಎರಡನ್ನೂ ಬರೆಸುತ್ತೇನೆ. ಎರಡರ ನಡುವೆ ಅಂತರ ಕಂಡರೆ ಆ ಸಾಲು ಕ್ಯೂನಲ್ಲಿ ಕಾದು ಬಂದಿದೆ ಅಂತ ಲೆಕ್ಕ.

ನನ್ನದೂ ಒಂದು ತಪ್ಪಿತ್ತು, ಮುಚ್ಚಿಡುವುದಿಲ್ಲ. ಸೀರಿಯಲ್ ಪೋರ್ಟ್ ಕೈಗೆ ಸಿಗದಿದ್ದಾಗ ನನ್ನ ಪ್ರೋಗ್ರಾಂ ಉಸಿರು ಬಿಡದೆ ಮತ್ತೆ ಮತ್ತೆ ಓಪನ್ ಮಾಡುತ್ತಿತ್ತು, ಪ್ರತಿ ಸಲವೂ ಒಂದು ಸಾಲು ಬರೆಯುತ್ತಿತ್ತು. 30 ಸೆಕೆಂಡಿಗೆ 10,000 ಸಾಲು ದಾಟಿದರೆ ಜರ್ನಲ್‌ಡಿ ಆ ಸರ್ವಿಸ್‌ನ ಬಾಯಿ ಮುಚ್ಚಿಸುತ್ತದೆ. ಮುಚ್ಚಿಸಿತು. ಒಂದು ಸೆಕೆಂಡ್ ಸ್ಲೀಪ್ ಹಾಕಿದ ಮೇಲೆ ದಿನಕ್ಕೆ 40 ಎಂಬಿ ಇದ್ದದ್ದು ಮೂರು ನಾಲ್ಕಕ್ಕೆ ಇಳಿಯಿತು. ಅದೇ ಗಡಿಬಿಡಿಯಲ್ಲಿ ಆರ್‌ಸಿಸ್‌ಲಾಗ್‌ಗೆ ಸಾಲು ಓದಿಕೊಡುವ ಇಮ್‌ಜರ್ನಲ್, ಇಮ್‌ಕೆಲಾಗ್ ಎರಡೂ ಆನ್ ಇಟ್ಟು ಕರ್ನಲ್‌ನ (ಲಿನಕ್ಸ್‌ನ ತಿರುಳಿನ) ಪ್ರತಿ ಸಾಲನ್ನೂ ಎರಡೆರಡು ಸಲ ನೋಡಿದ್ದೂ ಉಂಟು.

ನಡುವೆ ಚಟಕ್ಕೆ ಮಾಡಿದ್ದೂ ಹೇಳುತ್ತೇನೆ. ಪೆನ್‌ಡ್ರೈವ್‌ಗೆ ಲಾಗ್ ಬರೆಸಿದೆ, ಒಂದೂವರೆ ತಿಂಗಳಿಗೆ ಸತ್ತಿತು. ಕನೆಕ್ಷನ್ ಹೋದರೆ ಕೂಗುವ ಬಜರ್ ಇಟ್ಟೆ. ಗುಮಾಸ್ತರು ಮೂರನೇ ರಾತ್ರಿ ವೈರ್ ಕಿತ್ತು ಡ್ರಾಯರ್‌ಗೆ ಹಾಕಿದರು. ಕ್ಲೌಡ್‌ಗೆ ಕಳಿಸುವ ಲೆಕ್ಕವನ್ನೂ ಹಾಕಿದೆ. ತಿಂಗಳಿಗೆ ಡಾಲರ್ ಲೆಕ್ಕದ ಬಿಲ್ ಅಂದ ಕೂಡಲೇ ಸಾವ್ಕಾರ್ರು ಚಹಾ ತರಿಸಿ ಮಾತು ಬದಲಿಸಿದರು.

ಇವುಗಳಲ್ಲಿ ಕೆಲಸಕ್ಕೆ ಬಂದದ್ದು ಒಂದೇ. ಮಿಲ್‌ನ ದೊಡ್ಡ ಮೋಟಾರ್ ಶುರುಮಾಡುವ ಸ್ಟಾರ್ ಡೆಲ್ಟಾ ಸ್ಟಾರ್ಟರ್‌ನಲ್ಲಿ ಕಾಂಟ್ಯಾಕ್ಟರ್‌ಗೆ (ಕರೆಂಟ್ ಕೂಡಿಸುವ ಸ್ವಿಚ್) ಒಂದು ಖಾಲಿ ಆಕ್ಸಿಲರಿ ಕಾಂಟ್ಯಾಕ್ಟ್ ಇತ್ತು. ವೈರ್‌ಮನ್‌ಗೆ ಮಿರ್ಚಿ ಮಂಡಕ್ಕಿ ಕೊಡಿಸಿ, ಅಲ್ಲಿಂದ ಎರಡು ವೈರ್ ಎಳೆಸಿ, ಮನೆಯಲ್ಲಿ ಬಿದ್ದಿದ್ದ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್‌ಗೆ ಆಪ್ಟೋಕಪ್ಲರ್ (ಕರೆಂಟ್ ದಾಟಿಸದೆ ಸಂಕೇತ ಮಾತ್ರ ದಾಟಿಸುವ ಬಿಡಿಭಾಗ) ಮೂಲಕ ಜೋಡಿಸಿದೆ. ಪೈಗೆ ಪವರ್‌ಬ್ಯಾಂಕ್ ಆಸರೆ. ಮೋಟಾರ್ ಶುರುವಾದಾಗೆಲ್ಲ ಲಾಗರ್ ಕಮಾಂಡ್‌ನಿಂದ ಒಂದು ಸಾಲು, ಅದೂ ಅದೇ ಸರ್ವರ್‌ಗೆ.

ಇಪ್ಪತ್ತು ದಿನದ ಲಾಗ್ ಪಕ್ಕಪಕ್ಕ ಇಟ್ಟೆ. ಹದಿನಾರೋ ಹದಿನೇಳೋ ರೀಸ್ಟಾರ್ಟ್. ಎರಡು ಬಿಟ್ಟು ಉಳಿದ ಎಲ್ಲದರಲ್ಲೂ ಒಂದೇ ಕಥೆ: ಮೋಟಾರ್ ಶುರು, ಎರಡು ಸೆಕೆಂಡಿಗೆ ಯುಎಸ್‌ಬಿ ಡಿಸ್ಕನೆಕ್ಟ್, ನಾಲ್ಕನೇ ಸೆಕೆಂಡಿಗೆ ಪಿಸಿ ಮೌನ. ಪ್ರಿಂಟ್ ತೆಗೆದು ಸಾವ್ಕಾರ್ರ ಮುಂದಿಟ್ಟೆ. ವೈರ್‌ಮನ್ ಮೊದಲು ಒಪ್ಪಲಿಲ್ಲ. ಮೀಟರ್ ಹಿಡಿದು ಕಾಟಾ ರೂಮಿನಲ್ಲಿ ನಿಂತ. ಆ ಕಡೆ ಮೋಟಾರ್ ಹಾಕಿಸಿದೆವು. ಮುಳ್ಳು ಬಿದ್ದದ್ದು ನೋಡಿ "ಹೌದ್ರೀಪಾ" ಅಂದ. ಕಾಟಾ ರೂಮೂ ಆ ಮೋಟಾರೂ ಒಂದೇ ಹಳೇ ಕೇಬಲ್ ಮೇಲಿದ್ದವು, ಜಾಯಿಂಟ್ ಸಡಿಲವಾಗಿತ್ತು.

ಬೇರೆ ಲೈನ್ ಎಳೆದದ್ದಕ್ಕೆ, ಪಿಸಿ ಮತ್ತು ಸ್ವಿಚ್‌ಗೆ ಚಿಕ್ಕ ಯುಪಿಎಸ್‌ಗೆ, ಎಲ್ಲ ಸೇರಿ ಏಳು ಸಾವಿರದ ಒಳಗೆ ಮುಗಿಯಿತು. ಹೊಸ ಪಿಸಿ, ಹೊಸ ಇಂಡಿಕೇಟರ್ ಅಂತ ಅವರಿಗೆ ಬಂದಿದ್ದ ಕೊಟೇಶನ್ 60 ಸಾವಿರದ ಮೇಲಿತ್ತು. ಆಮೇಲೆ ಎರಡು ಸುಗ್ಗಿ ಕಳೆದವು, ತಾನಾಗೇ ರೀಸ್ಟಾರ್ಟ್ ಆದದ್ದು ಒಂದೇ ಸಲ. ಅದೂ ಇಲಿ ವೈರ್ ಕಡಿದದ್ದಕ್ಕೆ.

ನನ್ನ ಕೂಲಿಯಲ್ಲಿ ಎರಡು ಸಾವಿರ ಬಾಕಿ. "ಸುಗ್ಗಿ ಮುಗೀಲಿ ತಮ್ಮಾ" ಅಂದಿದ್ದರು ಸಾವ್ಕಾರ್ರು. ಯಾವ ಸುಗ್ಗಿ ಅಂತ ನಾನು ಕೇಳಿಲ್ಲ.