ವರದಿ ‘ನಾರ್ಮಲ್’, ಆದರೂ ತಿಂಗಳು ತಿಂಗಳು ಕಿಬ್ಬೊಟ್ಟೆ ನೋವೇ? ಹೀಗೆ ಮುಂದುವರಿಯಿರಿ

ಸ್ಕ್ಯಾನ್‌ನಲ್ಲಿ ಏನೂ ಇಲ್ಲ, ರಕ್ತಪರೀಕ್ಷೆಯೂ ಸರಿಯಾಗಿದೆ. ನೋವು ಮಾತ್ರ ತಿಂಗಳು ತಪ್ಪದೆ ಹಾಜರು. ಮುಟ್ಟಿನ ಮೊದಲ ಒಂದೆರಡು ದಿನ ಸ್ವಲ್ಪ ಸೆಳೆತ, ಸೊಂಟ ನೋವು ಇದ್ದರೆ ಅದು ಸಹಜ. ಮಾತ್ರೆಗೆ ಬಗ್ಗದೆ, ಕಾಲೇಜು–ಕಚೇರಿ ತಪ್ಪಿಸಿ, ನಡುರಾತ್ರಿ ಎಬ್ಬಿಸಿ ಕೂರಿಸುವ ನೋವನ್ನು ಆ ಲೆಕ್ಕಕ್ಕೆ ಸೇರಿಸಬಾರದು. ಇಂಥ ನೋವಿಗೆ ಕಾರಣವಾಗಬಲ್ಲ ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುವ ರೋಗ), ಹೆರುವ ವಯಸ್ಸಿನ ಸುಮಾರು ಶೇ 10ರಷ್ಟು ಮಹಿಳೆಯರಲ್ಲಿ ಇದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಹಾಗಿದ್ದೂ ಅದು ಪತ್ತೆಯಾಗುವಷ್ಟರಲ್ಲಿ ಹಲವರಿಗೆ ವರ್ಷಗಳೇ ಕಳೆದಿರುತ್ತವೆ.

ಕಾಯಬಾರದ ನೋವು ಯಾವುದು?

ಇದನ್ನು ಮೊದಲು ತಿಳಿದಿರಬೇಕು. ಒಂದೇ ಬದಿಯಲ್ಲಿ ದಿಢೀರನೆ ಎದ್ದ ತೀವ್ರ ನೋವು, ಜ್ವರ, ನಿಲ್ಲದ ವಾಂತಿ, ತಲೆಸುತ್ತಿ ಬೀಳುವುದು, ಮುಟ್ಟು ತಪ್ಪಿದ ಮೇಲೆ ಕಾಣಿಸಿಕೊಂಡ ನೋವು – ಇವುಗಳಲ್ಲಿ ಯಾವುದಿದ್ದರೂ ಅಂದೇ ತುರ್ತು ಚಿಕಿತ್ಸೆಗೆ ಹೋಗಿ. ಅಂಡಾಶಯ ತಿರುಚಿಕೊಂಡಿರಬಹುದು, ಗರ್ಭವು ಗರ್ಭಕೋಶದ ಬದಲು ಅಂಡನಾಳದಲ್ಲೇ ಕಟ್ಟಿರಬಹುದು. ಎರಡರಲ್ಲೂ ಗಂಟೆಗಳ ಲೆಕ್ಕ.

ನೋವಿಗೊಂದು ದಿನಚರಿ

ವೈದ್ಯರ ಎದುರು ಸಿಗುವುದು ಕೆಲವೇ ನಿಮಿಷ. ‘ತುಂಬಾ ನೋಯುತ್ತದೆ’ ಎಂದರೆ ಅವರಿಗೆ ಹಿಡಿಯಲು ಎಳೆ ಸಿಗುವುದಿಲ್ಲ. ಅದಕ್ಕಾಗಿ ಎರಡು ಮೂರು ಋತುಚಕ್ರಗಳ ಕಾಲ ದಿನಕ್ಕೊಂದು ಸಾಲು ಬರೆದಿಡಿ; ನೋವಿಲ್ಲದ ದಿನವನ್ನೂ ಬಿಡಬೇಡಿ. ಸಾಲು ಹೀಗಿದ್ದರೆ ಸಾಕು: ‘ಮುಟ್ಟಿನ ಹಿಂದಿನ ದಿನ. ಎಡ ಕಿಬ್ಬೊಟ್ಟೆ, ಹಿಂಡಿದಂತೆ, ಹತ್ತಕ್ಕೆ 7. ಮಲವಿಸರ್ಜನೆಯ ಹೊತ್ತಿಗೆ ಚುಚ್ಚಿತು. ಮಾತ್ರೆ ನುಂಗಿ ಎರಡು ಗಂಟೆಗೆ 4ಕ್ಕೆ ಇಳಿಯಿತು. ಕೆಲಸಕ್ಕೆ ರಜೆ.’

ಈ ಸಾಲುಗಳೇ ಮುಂದೆ ದಾರಿ ತೋರಿಸುತ್ತವೆ. ಎರಡು ಮುಟ್ಟುಗಳ ನಡುವೆ ಒಂದು ಬದಿಯಲ್ಲಿ ನೋವು ಬಂದು ಒಂದೆರಡು ದಿನದಲ್ಲಿ ಹೋಗುತ್ತಿದ್ದರೆ ಅದು ಅಂಡ ಬಿಡುಗಡೆಯ ನೋವಿರಬಹುದು. ಮುಟ್ಟಿಗೆ ಮುಂಚೆಯೇ ಆರಂಭವಾಗಿ ಮಲ, ಮೂತ್ರ, ಲೈಂಗಿಕ ಸಂಪರ್ಕದ ವೇಳೆ ಹೆಚ್ಚುವ ನೋವು ಎಂಡೊಮೆಟ್ರಿಯೋಸಿಸ್ ಕಡೆ ಬೆರಳು ತೋರಿಸುತ್ತದೆ. ವಿಪರೀತ ರಕ್ತಸ್ರಾವವೂ ಜೊತೆಗೂಡಿದರೆ ಅಡಿನೋಮಯೋಸಿಸ್ (ಒಳಪದರದಂಥ ಅಂಗಾಂಶ ಗರ್ಭಕೋಶದ ಸ್ನಾಯುವಿನೊಳಗೆ ಬೆಳೆಯುವುದು) ಅಥವಾ ಗರ್ಭಕೋಶದ ಫೈಬ್ರಾಯ್ಡ್ ಗಡ್ಡೆಯ ಅನುಮಾನ. ಸಿಸೇರಿಯನ್ ಗಾಯದ ಗುರುತಿನ ಬಳಿ ಗಂಟೊಂದು ಮುಟ್ಟಿನ ದಿನಗಳಲ್ಲಷ್ಟೇ ಊದಿ ನೋಯುವುದುಂಟು, ಅದನ್ನೂ ಹೇಳಿ. ಇನ್ನೂ ಋತುಮತಿಯಾಗದ ಹುಡುಗಿಗೆ ತಿಂಗಳಿಗೊಮ್ಮೆ ಹೊಟ್ಟೆ ನೋವು ಬರುತ್ತಿದ್ದರೆ ರಕ್ತ ಹೊರಬರುವ ದಾರಿಯೇ ಮುಚ್ಚಿರಬಹುದು, ತಡಮಾಡದೆ ತೋರಿಸಬೇಕು. ಕರುಳು, ಮೂತ್ರಕೋಶ, ಕಿಬ್ಬೊಟ್ಟೆಯ ತಳದ ಸ್ನಾಯುಗಳ ತೊಂದರೆಯೂ ಮುಟ್ಟಿನ ಸುತ್ತ ಉಲ್ಬಣಿಸುವುದರಿಂದ ಎಲ್ಲ ನೋವಿನ ಹೊಣೆಯನ್ನೂ ಗರ್ಭಕೋಶದ ತಲೆಗೆ ಕಟ್ಟುವಂತಿಲ್ಲ.

ಅಲ್ಲಿಯವರೆಗೆ ಮನೆಯಲ್ಲಿ

ಮುಟ್ಟಿನ ಸೆಳೆತಕ್ಕೆ ಮುಖ್ಯ ಕಾರಣ ಗರ್ಭಕೋಶದ ಒಳಪದರದಲ್ಲಿ ಉಂಟಾಗುವ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ. ಐಬುಪ್ರೊಫೇನ್, ಮೆಫೆನಾಮಿಕ್ ಆಸಿಡ್‌ನಂಥ ಮಾತ್ರೆಗಳು ಅದರ ಉತ್ಪತ್ತಿಯನ್ನೇ ತಗ್ಗಿಸುತ್ತವೆ. ಹಾಗಾಗಿ ಹಲ್ಲು ಕಚ್ಚಿ ಸಹಿಸಿ, ಕೊನೆಗೆ ನುಂಗಿದರೆ ಪ್ರಯೋಜನ ಕಡಿಮೆ. ನೋವು ತಲೆಯೆತ್ತುವಾಗಲೇ, ಹೊಟ್ಟೆಗೆ ಏನಾದರೂ ಹಾಕಿಕೊಂಡು, ಹೇಳಿದ ಪ್ರಮಾಣ ಮೀರದೆ ತೆಗೆದುಕೊಳ್ಳಿ. ಹೊಟ್ಟೆಹುಣ್ಣು, ಮೂತ್ರಪಿಂಡದ ಕಾಯಿಲೆ, ಆಸ್ತಮಾ ಇರುವವರು, ಗರ್ಭಿಣಿಯಾಗಿರುವ ಸಾಧ್ಯತೆ ಇರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಬಿಸಿನೀರಿನ ಚೀಲವನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಳ್ಳುವುದು ಹಳೆಯ ಉಪಾಯವಾದರೂ ನಿಜಕ್ಕೂ ಕೆಲಸ ಮಾಡುತ್ತದೆ. ಹಗುರ ವ್ಯಾಯಾಮವೂ ಕೆಲವರಿಗೆ ಹಿತ.

ವೈದ್ಯರ ಬಳಿ

ದಿನಚರಿಯ ಜೊತೆ ಹಳೆಯ ವರದಿಗಳು, ಈಗಾಗಲೇ ನುಂಗಿದ ಔಷಧಿಗಳ ಪಟ್ಟಿ ಇರಲಿ. ಸಂಪರ್ಕದ ವೇಳೆಯ ನೋವು, ಮಲದ ತೊಂದರೆ ಹೇಳಲು ನಾಲಿಗೆ ತಡವರಿಸಿದರೆ ಚೀಟಿಯಲ್ಲಿ ಬರೆದು ಕೊಡಿ. ಬಿಟ್ಟುಹೋಗುವುದು ಸಾಮಾನ್ಯವಾಗಿ ಈ ಮಾತುಗಳೇ, ರೋಗದ ಸುಳಿವು ಇರುವುದೂ ಇವುಗಳಲ್ಲೇ.

‘ಸ್ಕ್ಯಾನ್ ಸರಿಯಿದೆ’ ಎಂದರೆ ಗೆಡ್ಡೆಯೋ ನೀರುಗುಳ್ಳೆಯೋ ಕಾಣಲಿಲ್ಲ ಎಂದಷ್ಟೇ ಅರ್ಥ. ಎಂಡೊಮೆಟ್ರಿಯೋಸಿಸ್‌ನ ಸಣ್ಣ ಮೇಲ್ಪದರದ ಕಲೆಗಳು ಅಲ್ಟ್ರಾಸೌಂಡ್‌ನಲ್ಲೂ ಎಂಆರ್‌ಐಯಲ್ಲೂ ತಪ್ಪಿಸಿಕೊಳ್ಳಬಲ್ಲವು. ರಕ್ತದಲ್ಲಿನ ಒಂದು ಪ್ರೋಟೀನ್ ಅಳೆಯುವ ಸಿಎ–125 ಪರೀಕ್ಷೆಯೂ ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಅದಕ್ಕೇ ‘ನಾರ್ಮಲ್’ ಎಂದು ಕೇಳಿ ಎದ್ದುಬರಬೇಡಿ, ‘ಹಾಗಾದರೆ ಮುಂದೇನು?’ ಎಂದು ಕೇಳಿ. ‘ಒಂದು ಮಗುವಾದರೆ ಸರಿಹೋಗುತ್ತದೆ’ ಎಂಬುದೇ ಉತ್ತರವಾದರೆ ಬೇರೆ ವೈದ್ಯರನ್ನು ನೋಡಿ. ಗರ್ಭಧಾರಣೆ ಈ ರೋಗಕ್ಕೆ ಔಷಧಿಯಲ್ಲ.

ಖಚಿತ ಹೆಸರು ಸಿಗುವ ಮೊದಲೇ ಚಿಕಿತ್ಸೆ ಆರಂಭಿಸಬಹುದು ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಗರ್ಭನಿರೋಧಕ ಮಾತ್ರೆ, ಡೈನೋಜೆಸ್ಟ್ ಎಂಬ ಹಾರ್ಮೋನ್ ಮಾತ್ರೆ, ಗರ್ಭಕೋಶದಲ್ಲಿ ಇರಿಸುವ ಹಾರ್ಮೋನ್ ಸಾಧನ ಇಂಥವನ್ನು ಕೆಲವು ತಿಂಗಳು ಪ್ರಯತ್ನಿಸಿ ನೋಡುವ ಪದ್ಧತಿ ಇದೆ. ರಕ್ತ ಹೆಪ್ಪುಗಟ್ಟುವ ತೊಂದರೆ, ಕಣ್ಣೆದುರು ಮಿಂಚು ಕಾಣಿಸುವ ಮೈಗ್ರೇನ್, ಧೂಮಪಾನ ಇದ್ದರೆ ಮೊದಲೇ ತಿಳಿಸಿ. ಸದ್ಯದಲ್ಲೇ ಮಗು ಬೇಕೆಂದಿದ್ದರೆ ಅದನ್ನೂ. ಚಿಕಿತ್ಸೆ ನಡೆಯುವಾಗಲೂ ದಿನಚರಿ ನಿಲ್ಲಿಸಬೇಡಿ. 7 ಇದ್ದದ್ದು 3ಕ್ಕೆ ಇಳಿಯಿತೋ ಇಲ್ಲವೋ ಎಂಬುದು ನೆನಪಿಗಿಂತ ಬರಹಕ್ಕೇ ಚೆನ್ನಾಗಿ ಗೊತ್ತು. ವರ್ಷಗಟ್ಟಲೆ ನೋವುಂಡವರಲ್ಲಿ ಕಿಬ್ಬೊಟ್ಟೆಯ ತಳದ ಸ್ನಾಯುಗಳು ಬಿಗಿದುಕೊಂಡಿರಬಹುದು. ಅದಕ್ಕೆ ಫಿಸಿಯೋಥೆರಪಿ ಇದೆ.

ಯಾವುದಕ್ಕೂ ಜಗ್ಗದಿದ್ದರೆ ಲ್ಯಾಪ್ರೊಸ್ಕೋಪಿಯ (ಹೊಟ್ಟೆಯಲ್ಲಿ ಸಣ್ಣ ರಂಧ್ರ ಮಾಡಿ ಕ್ಯಾಮೆರಾ ಇಳಿಸಿ ಮಾಡುವ ಶಸ್ತ್ರಚಿಕಿತ್ಸೆಯ) ಮಾತು ಬರುತ್ತದೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ನಾಲ್ಕು ಪ್ರಶ್ನೆ ಕೇಳಿ. ಬರೀ ನೋಡುತ್ತೀರೋ, ಕಂಡದ್ದನ್ನು ಅಲ್ಲೇ ತೆಗೆಯುತ್ತೀರೋ? ಅಂಡಾಶಯಕ್ಕೆ ಧಕ್ಕೆಯಾಗುವ ಸಾಧ್ಯತೆ ಎಷ್ಟು? ನೋವು ಮರಳಿದರೆ ಮುಂದೇನು? ಇಂಥ ಶಸ್ತ್ರಚಿಕಿತ್ಸೆ ನೀವು ಆಗಾಗ ಮಾಡುತ್ತೀರಾ? ಗರ್ಭಕೋಶವನ್ನೇ ತೆಗೆಸುವ ಸಲಹೆ ಬಂದರೆ ಎರಡನೇ ಅಭಿಪ್ರಾಯ ಪಡೆಯಿರಿ. ಹೊರಗೆ ಹರಡಿದ ಕಲೆಗಳು ಉಳಿದುಕೊಂಡರೆ ಗರ್ಭಕೋಶ ಹೋದ ಮೇಲೂ ನೋವು ಬರಬಹುದು.