ಸ್ಪಿರಿಟ್ ಹತ್ತಿಯ ಡಬ್ಬಿಯನ್ನು ಎತ್ತಿಟ್ಟ ಮೇಲೆ

ನಾನು ಕಿರಿಯ ಆರೋಗ್ಯ ಸಹಾಯಕಿಯಾಗಿ ಕೆಲಸಕ್ಕೆ ಸೇರಿದಾಗ ಉಪಕೇಂದ್ರದ ಮೇಜಿನ ಮೇಲೆ ಒಂದು ಸ್ಟೀಲ್ ಡಬ್ಬಿ ಇರುತ್ತಿತ್ತು. ಬೆಳಿಗ್ಗೆ ಬಂದೊಡನೆ ಹತ್ತಿಯನ್ನು ಸಣ್ಣ ಉಂಡೆಗಳಾಗಿ ಮಾಡಿ ಅದರಲ್ಲಿ ತುಂಬಿ, ಮೇಲೆ ಸ್ಪಿರಿಟ್ ಸುರಿದು ಮುಚ್ಚಿಡುವುದು ದಿನದ ಮೊದಲ ಕೆಲಸವಾಗಿತ್ತು. ಸಂಜೆಯವರೆಗೂ ಎಲ್ಲರೂ ಅದೇ ಡಬ್ಬಿಗೆ ಬೆರಳು ಹಾಕುತ್ತಿದ್ದೆವು. ಉಂಡೆ ಉಳಿದರೆ ಮರುದಿನ ಅದರ ಮೇಲೆಯೇ ಇನ್ನಷ್ಟು ಸ್ಪಿರಿಟ್ ಸುರಿಯುತ್ತಿದ್ದೆವು. ಆ ವಾಸನೆ ಮೂಗಿಗೆ ಬಡಿದರೆ ಮಾತ್ರ ಸೂಜಿ ಹಾಕಿಸಿಕೊಂಡಂತೆ ಎಂದು ಊರಿನವರು ನಂಬಿದ್ದರು, ನಾನೂ ನಂಬಿದ್ದೆ.

ಲಸಿಕೆ ಹಾಕುವಾಗ ಸ್ಪಿರಿಟ್ ಬೇಡ, ಚರ್ಮ ಕೊಳೆಯಾಗಿದ್ದರೆ ಶುದ್ಧ ನೀರಿನಲ್ಲಿ ಒದ್ದೆ ಮಾಡಿದ ಹತ್ತಿಯಿಂದ ಒರೆಸಿದರೆ ಸಾಕು ಎಂದು ಒಂದು ತರಬೇತಿಯಲ್ಲಿ ಹೇಳಿದಾಗ ನಾನು ಒಪ್ಪಲಿಲ್ಲ. ಇದು ಖರ್ಚು ಉಳಿಸುವ ಉಪಾಯವಿರಬೇಕು ಎಂದುಕೊಂಡೆ. ಕಾರಣಗಳು ತಿಳಿಯುತ್ತಾ ಹೋದ ಹಾಗೆ ಮನಸ್ಸು ಬದಲಾಯಿತು. ಚರ್ಮದ ಮೇಲಿನ ಸೂಕ್ಷ್ಮಜೀವಿಗಳು ಸ್ಪಿರಿಟ್‌ನಿಂದ ಬಹುಮಟ್ಟಿಗೆ ಕಡಿಮೆಯಾಗುತ್ತವೆ ಎಂಬುದು ನಿಜ. ಆದರೆ ಶುಭ್ರವಾದ ಚರ್ಮದಿಂದ ಸೂಜಿಯ ಮೊನೆಯೊಡನೆ ಒಳಗೆ ಹೋಗುವ ಬೆರಳೆಣಿಕೆಯ ಜೀವಿಗಳು ಆರೋಗ್ಯವಂತರಲ್ಲಿ ಕೀವು ಕಟ್ಟಿಸುವಷ್ಟು ಬಲವುಳ್ಳವಾಗಿರುವುದಿಲ್ಲ. 1969ರಲ್ಲಿ ಟಿ. ಸಿ. ಡ್ಯಾನ್ ಎಂಬ ವೈದ್ಯರು ಚರ್ಮವನ್ನು ಒರೆಸದೆಯೇ ಕೊಟ್ಟ 5,000ಕ್ಕೂ ಹೆಚ್ಚು ಚುಚ್ಚುಮದ್ದುಗಳಲ್ಲಿ ಸೋಂಕು ಕಾಣಲಿಲ್ಲವೆಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಮಾಡಿದ್ದರು. ಇದಕ್ಕಿಂತಲೂ ನನ್ನನ್ನು ನಾಚಿಸಿದ್ದು ಡಬ್ಬಿಯ ವಿಷಯ. ಹತ್ತಿಯನ್ನು ಮೊದಲೇ ನೆನೆಸಿಡಬಾರದು, ಕೈಯಿಂದಲೂ ಸುತ್ತಲಿನಿಂದಲೂ ಸೇರುವ ಬ್ಯಾಕ್ಟೀರಿಯಾಗಳಿಂದ ಅದೇ ಮಲಿನವಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿ ಸ್ಪಷ್ಟವಾಗಿ ಹೇಳುತ್ತದೆ. ಮೇಜಿನ ಮೇಲೆ ಎಲ್ಲಕ್ಕಿಂತ ಶುದ್ಧವೆಂದು ನಾನು ತಿಳಿದಿದ್ದ ವಸ್ತುವಿಗೇ ಎಲ್ಲರ ಕೈ ತಗುಲುತ್ತಿತ್ತು.

ಈಗ ಗುರುವಾರದ ಲಸಿಕೆಯ ದಿನ ನಾನು ಮೊದಲು ಸೋಪಿನಿಂದ ಕೈ ತೊಳೆಯುತ್ತೇನೆ. ಕುದಿಸಿ ಆರಿಸಿದ ನೀರನ್ನು ಪಾತ್ರೆಯಲ್ಲಿ ಇಟ್ಟುಕೊಂಡು, ಬೇಕಾದಾಗ ಮಾತ್ರ ಹೊಸ ಹತ್ತಿಯನ್ನು ಒದ್ದೆ ಮಾಡುತ್ತೇನೆ. ಎಣ್ಣೆ, ಪೌಡರ್, ಮಣ್ಣು ಮೆತ್ತಿಕೊಂಡು ಬರುವ ಮಕ್ಕಳೇ ಹೆಚ್ಚು. ಅದನ್ನು ಒರೆಸಿ ಚರ್ಮ ಒಣಗಿದ ಮೇಲೆ, ಒಮ್ಮೆ ಬಳಸಿದರೆ ತಾನೇ ಲಾಕ್ ಆಗುವ ಸಿರಿಂಜಿನಿಂದ ಲಸಿಕೆ ಹಾಕುತ್ತೇನೆ. ಸೂಜಿಯನ್ನು ಬೆರಳಿನಿಂದ ಮುಟ್ಟುವುದಿಲ್ಲ, ಮತ್ತೆ ಮುಚ್ಚಳ ಹಾಕುವುದಿಲ್ಲ, ಸೂಜಿಯನ್ನು ಸಿರಿಂಜಿನಿಂದ ತುಂಡರಿಸುವ ಹಬ್ ಕಟರ್‌ ಎಂಬ ಸಾಧನದಲ್ಲಿ ಆಗಲೇ ಕತ್ತರಿಸುತ್ತೇನೆ. ಕ್ಷಯರೋಗ ತಡೆಯುವ ಬಿಸಿಜಿ ಲಸಿಕೆಗಂತೂ ಸ್ಪಿರಿಟ್ ಮುಟ್ಟಿಸದಿರುವುದರಲ್ಲಿ ನಾನು ಕಟ್ಟುನಿಟ್ಟು. ಅದು ಜೀವಂತ ಲಸಿಕೆ, ಚರ್ಮದ ಪದರದೊಳಗೇ ಹೋಗುವಂಥದ್ದು, ನವಜಾತ ಶಿಶುವಿಗೆ ಕೊಡುವುದು 0.05 ಮಿಲಿಲೀಟರ್ ಮಾತ್ರ. ಅಷ್ಟು ಸಣ್ಣ ಪ್ರಮಾಣಕ್ಕೆ ಒಣಗದ ಸ್ಪಿರಿಟ್ ತಗುಲುವುದು ಬೇಡವೆಂದೇ ಆ ನಿಯಮ.

ಜನರನ್ನು ಒಪ್ಪಿಸುವುದು ಸೂಜಿ ಹಾಕುವುದಕ್ಕಿಂತ ಕಷ್ಟವಾಯಿತು. ಬಿಸಿಜಿ ಹಾಕಿ ಸುಮಾರು ಒಂದೂವರೆ ತಿಂಗಳಾದ ಮಗುವನ್ನು ಎತ್ತಿಕೊಂಡು ಬಂದ ಅಜ್ಜಿಯೊಬ್ಬರು ತೋಳಿನ ಹುಣ್ಣನ್ನು ತೋರಿಸಿ, “ನೋಡ್ರಮ್ಮ, ಅವತ್ತು ಸ್ಪಿರಿಟ್ ಹಚ್ಚದೆ ಚುಚ್ಚಿದ್ರಿ, ಮಗೀಗೆ ಕೀವಾಗೈತೆ” ಎಂದು ಎಲ್ಲರೆದುರು ದಬಾಯಿಸಿದರು. ನಾನು ಜಗಳಕ್ಕೆ ಹೋಗಲಿಲ್ಲ. ಅವರದೇ ಎಡತೋಳಿನ ಸೆರಗು ಸರಿಸಲು ಹೇಳುವಷ್ಟು ಸಲಿಗೆ ಇರಲಿಲ್ಲವಾದ್ದರಿಂದ ನನ್ನ ತೋಳಿನ ಕಲೆಯನ್ನೇ ತೋರಿಸಿದೆ. ಬಿಸಿಜಿ ಹಾಕಿದ 2-3 ವಾರಕ್ಕೆ ಸಣ್ಣ ಗಂಟು ಏಳುವುದು, ಅದು ಬೆಳೆದು 5-6 ವಾರದ ಹೊತ್ತಿಗೆ 4ರಿಂದ 8 ಮಿಲಿಮೀಟರ್ ಆಗುವುದು, ಒಡೆದು ತಾನಾಗಿ ಮಾಯ್ದು ಕಲೆ ಉಳಿಯುವುದು, ಇವೆಲ್ಲ ಲಸಿಕೆಯ ಸಹಜ ಪರಿಣಾಮವೆಂದೂ, ಅದರ ಮೇಲೆ ಅರಿಶಿನವನ್ನಾಗಲಿ ಮುಲಾಮನ್ನಾಗಲಿ ಹಚ್ಚಬಾರದೆಂದೂ ವಿವರಿಸಿದೆ. ಅಂದಿನಿಂದ ಬಿಸಿಜಿ ಹಾಕಿದ ದಿನವೇ ಈ ಹುಣ್ಣಿನ ವಿಷಯವನ್ನು ತಾಯಂದಿರಿಗೆ ಹೇಳಿಬಿಡುತ್ತೇನೆ. ಮೊದಲೇ ಹೇಳದಿದ್ದುದು ನನ್ನದೇ ತಪ್ಪು.

ಹಾಗೆಂದು ಸ್ಪಿರಿಟ್ ಬಾಟಲಿಯನ್ನು ಎಸೆದಿಲ್ಲ. ರಕ್ತ ತೆಗೆಯುವಾಗ, ಡ್ರಿಪ್ ಹಾಕುವಾಗ, ಔಷಧಿಯ ಚುಚ್ಚುಮದ್ದನ್ನು ಮಾಂಸಖಂಡಕ್ಕೆ ಕೊಡುವಾಗ, ಹಲವರಿಗೆ ಬಳಸುವ ವಯಲ್‌ನ (ಔಷಧಿಯ ಸಣ್ಣ ಸೀಸೆಯ) ರಬ್ಬರ್ ಮುಚ್ಚಳವನ್ನು ಒರೆಸುವಾಗ ಅದನ್ನು ಬಳಸುತ್ತೇನೆ. ರೋಗನಿರೋಧಕ ಶಕ್ತಿ ಕುಗ್ಗಿದವರ ವಿಷಯದಲ್ಲಿ ವೈದ್ಯಾಧಿಕಾರಿಯವರು ಹೇಳಿದಂತೆ ನಡೆಯುತ್ತೇನೆ. ಬಳಸುವುದಾದರೆ ಸರಿಯಾಗಿ ಬಳಸಬೇಕು: 60ರಿಂದ 70 ಪ್ರತಿಶತದ ಆಲ್ಕೋಹಾಲ್ ಆಗಿರಬೇಕು, ಏಕೆಂದರೆ ಸೂಕ್ಷ್ಮಜೀವಿಯ ಪ್ರೋಟೀನನ್ನು ಕೆಡಿಸಲು ಅದರಲ್ಲಿ ನೀರೂ ಬೇಕು, ನಡುವಿನಿಂದ ಹೊರಕ್ಕೆ, ಒರೆಸಿದ ಜಾಗಕ್ಕೆ ಮರಳದೆ 30 ಸೆಕೆಂಡು ಒರೆಸಿ, ಮತ್ತೆ 30 ಸೆಕೆಂಡು ಒಣಗಲು ಬಿಡಬೇಕು. ಹಿಂದೆ ನಾನು ಒಂದೇ ಉಜ್ಜಿಗೆ ಮುಗಿಸಿ, ಬಾಯಿಂದ ಊದಿ ಒಣಗಿಸಿ ಚುಚ್ಚುತ್ತಿದ್ದೆ. ಒಣಗದ ಸ್ಪಿರಿಟ್ ಸೂಜಿಯೊಡನೆ ಒಳಗಿಳಿದು ಉರಿಯುವುದರಿಂದಲೇ ಎಷ್ಟೋ ಮಕ್ಕಳು ಚೀರಿರಬೇಕು ಎಂದು ಈಗ ಅನಿಸುತ್ತದೆ.

ಮನೆ ಭೇಟಿಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರು ಸ್ಪಿರಿಟ್ ತೀರಿದೆಯೆಂದು ಒಂದು ಹೊತ್ತಿನ ಇನ್ಸುಲಿನ್ ಬಿಟ್ಟದ್ದನ್ನು ನೋಡಿದ್ದೇನೆ. ಅವರಿಗೆ ನಾನು ಹೇಳುವುದಿಷ್ಟೇ: ಸ್ನಾನ ಮಾಡಿದ ಮೈ, ತೊಳೆದ ಕೈ, ಹೊಸ ಸೂಜಿ ಇದ್ದರೆ ಸಾಕು, ಹೊತ್ತಿನ ಇನ್ಸುಲಿನ್ ತಪ್ಪಿಸಬೇಡಿ. ಸಕ್ಕರೆ ಪರೀಕ್ಷೆಗೆ ಬೆರಳು ಚುಚ್ಚುವಾಗಲೂ ಸೋಪು ನೀರೇ ಮೇಲು. ಬಾಳೆಹಣ್ಣು ಸುಲಿದ ಬೆರಳನ್ನು ತೊಳೆಯದೆ ಚುಚ್ಚಿದರೆ ರಕ್ತದಲ್ಲಿ ಇಲ್ಲದ ಸಕ್ಕರೆಯನ್ನು ಮೀಟರ್ ತೋರಿಸುತ್ತದೆ.