ಎಡವುವ ಕುದುರೆಯ ಕಾಲನ್ನು ನೋಡಲು ಕಲಿತದ್ದು

ಇಳಿಜಾರಿನಲ್ಲಿ ನನ್ನ ಸವಾರಿ ಕುದುರೆ ಮುಗ್ಗರಿಸಿ ಮುಂಗಾಲಿನ ಮಂಡಿಯೂರಿದ ದಿನದವರೆಗೂ ಅದರ ಎಡವುವಿಕೆಯನ್ನು ನಾನು ಸೋಮಾರಿತನವೆಂದೇ ತಿಳಿದಿದ್ದೆ. ಹಿಮ್ಮಡಿಯಿಂದ ಒತ್ತಿ ಚುರುಕಾಗಿ ನಡೆಸಿದರೆ ಸರಿಹೋಗುತ್ತದೆ ಎಂದು ನಂಬಿದ್ದೆ. ಆ ತಪ್ಪು ತಿಳಿವಳಿಕೆಯಿಂದಾಗಿ ಅದು ಐದು ತಿಂಗಳು ನೋವು ತಿಂದಿತು; ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಅಂದಿನಿಂದ ಪ್ರತಿ ಸವಾರಿಯ ಬಳಿಕ ಯಾವ ಕಾಲು, ಎಂಥ ನೆಲದಲ್ಲಿ ಎಡವಿತು ಎಂಬುದನ್ನು ಬರೆದಿಡತೊಡಗಿದೆ. ಮರಳಿನಲ್ಲಿ ಅಪರೂಪ, ಗಟ್ಟಿ ನೆಲದಲ್ಲೂ ಇಳಿಜಾರಿನಲ್ಲೂ ಹೆಚ್ಚು. ಹಿಂಗಾಲು ಒಮ್ಮೆಯೂ ಎಡವಿರಲಿಲ್ಲ. ಬರೀ ಅಲಕ್ಷ್ಯದಿಂದ ಎಡವುವ ಕುದುರೆ ನೆಲದ ಗಟ್ಟಿತನವನ್ನು ನೋಡಿಕೊಂಡು ಎಡವಲಾರದು ಎನ್ನಿಸಿತು. ಆಮೇಲೆ ಅದನ್ನು ಜೀನಿಲ್ಲದೆ ಸಮತಟ್ಟಾದ ಗಟ್ಟಿ ನೆಲದ ಮೇಲೆ ನಡೆಸಲು ಒಬ್ಬರಿಗೆ ಹೇಳಿ, ಮೊಬೈಲನ್ನು ನೆಲದ ಮಟ್ಟದಲ್ಲಿ ಹಿಡಿದು ಪಕ್ಕದಿಂದ ನಿಧಾನಗತಿಯ ವಿಡಿಯೊ ತೆಗೆದೆ. ಆರೋಗ್ಯವಂತ ಕುದುರೆ ಗೊರಸಿನ ಹಿಂಭಾಗವನ್ನು ತುಸು ಮೊದಲು, ಇಲ್ಲವೇ ಇಡೀ ತಳವನ್ನು ಒಟ್ಟಿಗೆ ಊರುತ್ತದೆ. ನನ್ನ ಕುದುರೆಯ ಎರಡೂ ಮುಂಗಾಲುಗಳಲ್ಲಿ ಗೊರಸಿನ ತುದಿಯೇ ಮೊದಲು ನೆಲಕ್ಕೆ ತಾಗುತ್ತಿತ್ತು. ಜೀನಿಲ್ಲದೆಯೂ ಹೀಗೇ ಆಗುತ್ತಿದ್ದುದರಿಂದ, ಜೀನು ಹೆಗಲನ್ನು ಒತ್ತುತ್ತಿರಬಹುದೆಂಬ ಅನುಮಾನವನ್ನು ಬದಿಗಿಟ್ಟೆ.

ಗೊರಸು ತಿಂಗಳಿಗೆ ಸುಮಾರು 6ರಿಂದ 10 ಮಿ.ಮೀ. ಬೆಳೆಯುತ್ತದೆ. ನಾನು ಹತ್ತು ವಾರಗಳವರೆಗೂ ಅದನ್ನು ಕತ್ತರಿಸದೆ ಬಿಡುತ್ತಿದ್ದೆ. ತುದಿ ಉದ್ದವಾದಷ್ಟೂ ಗೊರಸು ಮಗುಚಿ ಮೇಲೇಳುವುದು ತಡವಾಗುತ್ತದೆ. ದೇಹದ ಭಾರದ ಸುಮಾರು ಶೇ. 60ರಷ್ಟನ್ನು ಹೊರುವ ಮುಂಗಾಲುಗಳಲ್ಲಿ ಈ ತಡವೇ ಮುಗ್ಗರಿಸಲು ಸಾಕು. ಲಾಳ ಕಟ್ಟುವವರು ತುದಿಯನ್ನು ಮೋಟು ಮಾಡಿ, ಲಾಳವನ್ನು ತುಸು ಹಿಂದಕ್ಕೆ ಸರಿಸಿ, ಅದರ ಮುಂಚೂಣಿಯ ಅಂಚನ್ನು ದುಂಡಗೆ ಉಜ್ಜಿ ಕಟ್ಟಿದರು. ಐದು ವಾರಕ್ಕೊಮ್ಮೆ ಇದನ್ನೇ ಮಾಡಿಸಿದ ಮೇಲೆ ಎಡವುವುದು ಅರ್ಧಕ್ಕಿಳಿಯಿತು, ಆದರೆ ನಿಲ್ಲಲಿಲ್ಲ.

ಪಶುವೈದ್ಯರನ್ನು ನಾನು ಕರೆಸಿದ್ದು ಆಗ, ಮೊದಲೇ ಕರೆಸಬೇಕಿತ್ತು. ಅವರು ನಡೆಯುತ್ತಿರುವ ಕುದುರೆಯ ಬಾಲವನ್ನು ಪಕ್ಕಕ್ಕೆ ಎಳೆದು, ಸಣ್ಣ ಸುತ್ತಿನಲ್ಲಿ ತಿರುಗಿಸಿ, ತಲೆಯೆತ್ತಿಸಿ ಇಳಿಜಾರಿನಲ್ಲಿ ನಡೆಸಿ ನೋಡಿದರು. ಕತ್ತಿನ ಮೂಳೆಗಳ ನಡುವೆ ಬೆನ್ನುಹುರಿ ಒತ್ತಿಹೋದರೂ ಕುದುರೆ ಎಡವುತ್ತದೆ, ತನ್ನ ಕಾಲು ಎಲ್ಲಿದೆ ಎಂಬುದರ ಅರಿವೇ ತಪ್ಪುವ ಅಂಥ ಕುದುರೆಯನ್ನು ಏರುವುದು ಸವಾರನಿಗೂ ಅಪಾಯ. ಅದು ಇಲ್ಲವೆಂದು ಖಚಿತವಾದ ಮೇಲೆ, ಬಲ ಮುಂಗಾಲಿನ ಗೊರಸಿನ ಹಿಂಭಾಗಕ್ಕೆ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟರು. ಅದುವರೆಗೆ ಒಮ್ಮೆಯೂ ಕುಂಟದ ಕುದುರೆ, ಕೆಲವೇ ನಿಮಿಷಗಳಲ್ಲಿ ಎಡಗಾಲಿನಲ್ಲಿ ಕುಂಟತೊಡಗಿತು! ಎರಡೂ ಕಾಲು ಸಮನಾಗಿ ನೋಯುತ್ತಿದ್ದುದರಿಂದ ಯಾವುದೂ ಕುಂಟಾಗಿ ಕಂಡಿರಲಿಲ್ಲ. ನೋಯುವ ಹಿಂಭಾಗವನ್ನು ಉಳಿಸಿಕೊಳ್ಳಲು ಅದು ತುದಿಯನ್ನು ಮೊದಲು ಊರುತ್ತಿತ್ತು. ಎಕ್ಸ್‌ರೇಯಲ್ಲಿ ಗೊರಸಿನೊಳಗೆ ಹಿಂಭಾಗದಲ್ಲಿರುವ ನ್ಯಾವಿಕ್ಯುಲರ್ ಎಂಬ ಪುಟ್ಟ ಮೂಳೆ ಸವೆದದ್ದು ಕಂಡಿತು.

ನನ್ನ ಪಾಲಿನ ತಪ್ಪೂ ಇತ್ತು. ಇಳಿಜಾರಿನಲ್ಲಿ ನೆಲ ನೋಡುತ್ತಾ ಮುಂದಕ್ಕೆ ಬಾಗಿ, ಮೊದಲೇ ಹೊರೆಯಾಗಿದ್ದ ಮುಂಗಾಲುಗಳ ಮೇಲೆ ನನ್ನ ಭಾರವನ್ನೂ ಹಾಕುತ್ತಿದ್ದೆ. ಈಗ ನೆಟ್ಟಗೆ ಕುಳಿತು, ನಡಿಗೆಯಲ್ಲೇ ಇಳಿಸುತ್ತೇನೆ.

ಅದೇ ಜಾಗದಲ್ಲಿ ವಾರಕ್ಕೊಮ್ಮೆ ವಿಡಿಯೊ ತೆಗೆಯುವುದನ್ನು ಬಿಟ್ಟಿಲ್ಲ. ಐದನೆಯ ವಾರ ದಾಟಿದರೆ ಬಲಗಾಲಿನ ತುದಿ ಮತ್ತೆ ಮೊದಲು ಊರತೊಡಗುತ್ತದೆ. ಲಾಳ ಕಟ್ಟುವವರು ಬರುವವರೆಗೆ ಕುದುರೆಯನ್ನು ಮರಳಿನಂಗಳದಿಂದ ಆಚೆ ಒಯ್ಯುವುದಿಲ್ಲ.